ಮೀನು ಕಾಣುವ ತನಕ

ಎಪಿಫಾನಿಯಾ ಅಜ್ಜಿ ಮಾಡಿದ ಮಡಕೆಯಲ್ಲಿ ಬೆಂದದ್ದನ್ನು ಉಣ್ಣದವರು ನಮ್ಮ ಕುಂಬಾರರೂರು ಸಾಂತಾ ಉರ್ಸುಲಾದಲ್ಲಿ ಒಬ್ಬರೂ ಇಲ್ಲ. ಮದುವೆಯಾಗಲಿ ಸಾವಾಗಲಿ, ಊರಿಗೆಲ್ಲ ಸಾರು ಕಾಯಬೇಕಾದರೆ ಆಕೆಯ ಹಂಡೆಗಾತ್ರದ ಮಡಕೆಯೇ ಒಲೆ ಏರಬೇಕು. ಅಂಥ ಅಜ್ಜಿಯ ಮಡಕೆಗಳನ್ನು ಸೊಸೆ ಒದಿಲಿಯಾ ಒಂದು ಬೆಳಗ್ಗೆ ಅಡುಗೆಮನೆಯಿಂದ ಹೊರಗೆ ತಂದು ಹಿತ್ತಿಲ ಗೋಡೆಯುದ್ದಕ್ಕೂ ಬೋರಲು ಹಾಕಿದಳು. ಬೀದಿಯ ಹೆಂಗಸರೆಲ್ಲ ಏನೋ ನೆಪ ತೆಗೆದು ಆ ಮನೆ ಮುಂದೆ ಎರಡೆರಡು ಸಲ ಓಡಾಡಿದರು. ನನಗೆ ಓಡಾಡುವ ಕಷ್ಟವಿರಲಿಲ್ಲ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಇರುವುದು ಎದೆಮಟ್ಟದ ಮಣ್ಣಿನ ಗೋಡೆ. ಬಟ್ಟೆ ಹರವುತ್ತಾ ನಿಂತರೆ ಸಾಕು, ಅವರ ಒಲೆಯ ಮೇಲೆ ಏನಿದೆ, ಬಾಯಿಂದ ಏನು ಬರುತ್ತಿದೆ, ಎರಡೂ ತಿಳಿಯುತ್ತದೆ.

ಇಷ್ಟಕ್ಕೆಲ್ಲ ಕಾರಣ ಎರಾಂದಿ. ಒದಿಲಿಯಾಳಿಗೂ ಅವಳ ಗಂಡ ರೆಮಿಹಿಯೊಗೂ ಇರುವ ಒಬ್ಬಳೇ ಮಗಳು, ಬರುವ ಮಳೆಗಾಲಕ್ಕೆ ಐದು ತುಂಬುತ್ತದೆ. ಕ್ರಿಸ್ಮಸ್ ಕಳೆದ ಮೇಲೆ ಆ ಮಗು ಹೊಟ್ಟೆನೋವು ಎಂದು ಮುದುಡಿಕೊಳ್ಳತೊಡಗಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಆಮೇಲೆ ಇನ್ನೊಂದು ಶುರುವಾಯಿತು. ಗೊತ್ತಿದ್ದ ಹೆಸರುಗಳು ಅವಳಿಗೆ ಮರೆಯತೊಡಗಿದವು. ಅವರ ಮನೆಯಲ್ಲಿ ಕೊಂದೆಸಾ ಎಂಬ ಕೋಳಿಯಿದೆ. ಹೆಸರಿಟ್ಟವಳು ಎರಾಂದಿಯೇ. ಒಂದು ದಿನ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು "ಅಮ್ಮಾ, ಇದರ ಹೆಸರೇನು?" ಎಂದು ಕೇಳಿದಳು. ಒದಿಲಿಯಾ ತಮಾಷೆ ಎಂದುಕೊಂಡು ನಕ್ಕಳು. ಮಗು ನಗಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ರಕ್ತ ತೆಗೆದು ಮೊರೇಲಿಯಾ ಪಟ್ಟಣಕ್ಕೆ ಕಳಿಸಿದರು. ರಕ್ತದಲ್ಲಿ ಸೀಸವಿದೆ ಎಂದು ಬಂತು.

"ಸೀಸ ಎಲ್ಲಿಂದ ಬರುತ್ತೆ ಡಾಕ್ಟ್ರೇ? ನಮ್ಮನೇಲಿ ಬಂದೂಕಿಲ್ಲ, ಗುಂಡಿಲ್ಲ," ಎಂದಳಂತೆ ಒದಿಲಿಯಾ.

"ಮಡಕೆ ಹೊಳೀಲಿ ಅಂತ ಏನು ಹಚ್ತೀರಿ?"

"ಗ್ರೆತಾ ಪುಡಿ."

"ಅದೇ ಸೀಸ ಕಣಮ್ಮ."

ಹಾಲು, ಸೊಪ್ಪು, ಕಾಳು ಕೊಡಿ, ಎಲ್ಲದಕ್ಕೂ ನಿಂಬೆಹುಳಿ ಹಿಂಡಿ, ಹಳೇ ಮಡಕೆ ಮುಟ್ಟಬೇಡಿ, ಈಸ್ಟರ್ ಮುಂಚಿನ ಉಪವಾಸ ಶುರುವಾಗುವ ಹೊತ್ತಿಗೆ ಮತ್ತೆ ರಕ್ತ ನೋಡೋಣ ಎಂದು ಕಳಿಸಿದರು. ಹೊರಡುವಾಗ ಒದಿಲಿಯಾ ಬಾಗಿಲಲ್ಲಿ ನಿಂತು ಕೇಳಿದಳು. "ಮರೆತದ್ದು ವಾಪಸ್ ಬರುತ್ತಾ?" ಡಾಕ್ಟರಮ್ಮ ಸುಳ್ಳು ಹೇಳುವ ಪೈಕಿ ಅಲ್ಲ. "ಇನ್ನು ಮುಂದೆ ಹೋಗದ ಹಾಗೆ ನೋಡ್ಕೋಬಹುದು. ಹೋದದ್ದು ಬರುತ್ತೆ ಅಂತ ನಾನು ಹೇಳಲ್ಲ" ಎಂದರು. ಅವತ್ತಿನಿಂದ ಒದಿಲಿಯಾ ಹೆದರಿದಳು ನೋಡಿ. ಹಗಲೂ ಹೆದರಿದಳು, ನಿದ್ದೆಯಲ್ಲೂ ಹೆದರಿದಳು. ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸ ಮಡಕೆ ಹೊರಗೆ ಹಾಕಿದ್ದು.

ಅಜ್ಜಿ ಸುಮ್ಮನಿರುವವಳೇ?

"ಈ ಮಡಕೇಲಿ ಬೇಯ್ಸಿ ಐದು ಮಕ್ಕಳನ್ನ ಸಾಕಿದೀನಿ ಕಣೇ. ಅದರಲ್ಲಿ ಒಬ್ಬನ್ನ ನೀನೇ ಮದುವೆ ಆಗಿದೀಯ. ವಿಷ ತಿಂದವನ ಥರ ಕಾಣ್ತಾನಾ ಅವನು?"

"ಅತ್ತೆ, ರಕ್ತದಲ್ಲಿ ಬಂದಿದೆ. ನಾನು ಹೇಳ್ತಿರೋದಲ್ಲ."

"ರಕ್ತಕ್ಕೇನು ಬಾಯಿದೆಯಾ? ನಮ್ಮಮ್ಮ ಇದರಲ್ಲೇ ಬೇಯ್ಸಿದ್ಲು, ಅವಳಮ್ಮ ಇದರಲ್ಲೇ ಬೇಯ್ಸಿದ್ಲು. ಅಲ್ಯುಮಿನಿಯಂ ಪಾತ್ರೆ ತಂದಿದೀಯಲ್ಲ, ಕಾಳಿಗೆ ರುಚಿ ಎಲ್ಲಿಂದ ಬರುತ್ತೆ ಅದರಲ್ಲಿ? ನಾಯೀನೂ ಮೂಸಲ್ಲ."

ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಎರಡು ಒಲೆಗಳಾದವು. ಒಂದರ ಮೇಲೆ ಒದಿಲಿಯಾಳ ಅಲ್ಯುಮಿನಿಯಂ ಪಾತ್ರೆ. ಇನ್ನೊಂದರ ಮೇಲೆ ಅಜ್ಜಿ ಹಿತ್ತಿಲಿನಿಂದ ಮತ್ತೆ ಎತ್ತಿ ತಂದ ಕಾಳಿನ ಮಡಕೆ. ಅದರಲ್ಲಿ ಬೆಂದದ್ದು ಆಕೆಗೂ ಮನೆಯಲ್ಲೇ ಇರುವ ಇನ್ನೊಬ್ಬ ಮಗ ಎವಾರಿಸ್ತೊಗೂ. ರೆಮಿಹಿಯೊ ಪಾಡು ಯಾರಿಗೂ ಬೇಡ. ಪಾತ್ಸ್ಕುವಾರೊ ಸಂತೆಗೆ ಮಡಕೆ ಹೊತ್ತು ಹೋಗಿ ದಣಿದು ಬಂದವನು ಮೊದಲು ಹೆಂಡತಿಯ ಒಲೆಯ ಮುಂದೆ ಕೂತು ಉಣ್ಣುತ್ತಿದ್ದ. ಆಮೇಲೆ ಕೈ ತೊಳೆಯುವ ನೆಪದಲ್ಲಿ ಎದ್ದು ತಾಯಿಯ ಒಲೆಯ ಮುಂದೆ ಕೂತು ಮತ್ತೆ ಉಣ್ಣುತ್ತಿದ್ದ. ತಿಂಗಳು ಕಳೆಯುವ ಹೊತ್ತಿಗೆ ಅವನ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು.

ಎವಾರಿಸ್ತೊ ಅಜ್ಜಿಯ ಮೂರನೆಯ ಮಗ. ಮೂವತ್ತು ದಾಟಿದ ಗಂಡಸು, ಎತ್ತಿನಂಥ ಮೈ. ಮಣ್ಣು ತುಳಿಯುವುದರಲ್ಲಿ ಅವನನ್ನು ಮೀರಿಸುವವರು ಇಲ್ಲ. ಆದರೆ ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಲು ಬರುವುದಿಲ್ಲ, ಕೈ ಚಾಚಿ ನಿಲ್ಲುತ್ತಾನೆ. ಮಾತು ಬಂದದ್ದೂ ತಡವಾಗಿ. ಅವನು ಹೊಟ್ಟೆಯಲ್ಲಿದ್ದಾಗ ಹಾಡುಹಗಲೇ ಕತ್ತಲಾಗುವಂಥ ಸೂರ್ಯಗ್ರಹಣ ಹಿಡಿಯಿತು. ಅಜ್ಜಿ ಅವತ್ತು ಬಸುರಿಯರೆಲ್ಲ ಮಾಡುವ ಹಾಗೆ ಹೊಟ್ಟೆಗೆ ಕೆಂಪು ಪಟ್ಟಿಯನ್ನೂ ಪಿನ್ನನ್ನೂ ಸಿಕ್ಕಿಸಿಕೊಳ್ಳಲು ಮರೆತಿದ್ದಳು. ಗ್ರಹಣ ಮಗುವನ್ನು ಕಚ್ಚಿತು ಎಂದು ಊರೇ ಹೇಳುತ್ತದೆ, ನಾನೂ ಹೇಳಿದ್ದೇನೆ. ಪಿನ್ನು ಮರೆತದ್ದಕ್ಕೆ ಅಜ್ಜಿ ಈಗಲೂ ಪ್ರತಿ ಭಾನುವಾರ ಚರ್ಚಿನಲ್ಲಿ ಒಂದು ಮೇಣದಬತ್ತಿ ಹೆಚ್ಚಿಗೆ ಹಚ್ಚುತ್ತಾಳೆ.

ಜನವರಿ ಕೊನೆಯಲ್ಲಿ ಊರಿನ ಶಾಲೆಯಲ್ಲಿ ಸೀಸವಿಲ್ಲದ ಮೆರುಗು ಹಚ್ಚುವುದನ್ನು ಕಲಿಸಲು ಪೇಟೆಯಿಂದ ಜನ ಬಂದರು. ಈಸ್ಟರ್ ಮುಗಿದ ವಾರ ನಮ್ಮೂರಲ್ಲಿ ಮಣ್ಣಿನ ಹಬ್ಬ. ಕುಂಬಾರ ಮನೆಗಳೆಲ್ಲ ಚೌಕದ ಕಮಾನುಗಳ ಕೆಳಗೆ ಮಳಿಗೆ ಹೂಡುತ್ತವೆ. ದೂರದೂರದ ಹೋಟೆಲಿನವರು ಬಂದು ಇಡೀ ವರ್ಷಕ್ಕಾಗುವಷ್ಟು ಕೊಳ್ಳುತ್ತಾರೆ. ಈ ವರ್ಷ ಪರೀಕ್ಷೆ ಮಾಡಿ, ಸೀಸವಿಲ್ಲದ ಮಳಿಗೆಗೆ ಮಾತ್ರ ನೀಲಿ ಚೀಟಿ ಅಂಟಿಸುತ್ತಾರಂತೆ ಎಂದು ಸುದ್ದಿಯಾಯಿತು. ಒದಿಲಿಯಾ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ ಕೂತು ಕಲಿತಳು. ಎರಡನೆಯ ದಿನ ಮಾತ್ರ ಮಗು ಹೊಟ್ಟೆ ಹಿಡಿದುಕೊಂಡು ಅತ್ತಿತೆಂದು ಅರ್ಧಕ್ಕೇ ಎದ್ದು ಬಂದಳು. ತಪ್ಪಿಹೋದ ಅರ್ಧದಲ್ಲಿ ಹೇಳಿದ್ದೇನು ಎಂದು ಆಮೇಲೆ ಪಕ್ಕದವರನ್ನು ಕೇಳಿದಳು. "ಮಡಕೆ ಸುಡೋ ಆವಿಗೆ ಕ್ಲೀನಾಗಿರ್ಬೇಕಂತೆ" ಎಂದರು ಅವರು.

ಕ್ಲೀನು ತಾನೇ? ಅದಕ್ಕೇನು ಕಷ್ಟ? ಮಾವ ಸೆರಾಪಿಯೊ ತಾನು ಸಾಯುವ ಮುಂಚೆ ಕೈಯಾರೆ ಕಟ್ಟಿದ ಆವಿಗೆ ಅದು, ಹಿತ್ತಿಲ ಮೂಲೆಯಲ್ಲಿ ಆಳೆತ್ತರಕ್ಕೆ ನಿಂತಿದೆ. ಒದಿಲಿಯಾ ಎವಾರಿಸ್ತೊನನ್ನು ಒಳಗೆ ಇಳಿಸಿ ತಂತಿಬ್ರಷ್ಷಿನಲ್ಲಿ ಇಟ್ಟಿಗೆ ಇಟ್ಟಿಗೆಯನ್ನೂ ಉಜ್ಜಿಸಿದಳು. ಕೊಡಗಟ್ಟಲೆ ನೀರು ಹೊಡೆದಳು. ಆಮೇಲೆ ಒಳಗೆಲ್ಲ ಸುಣ್ಣ ಬಳಿದಳು. ಕೊನೆಗೆ ಮೇಣದಬತ್ತಿ ಹಬ್ಬದಂದು ಪಾದ್ರಿಗಳು ಮಂತ್ರಿಸಿಕೊಟ್ಟ ತೀರ್ಥವನ್ನು ಮೂಲೆ ಮೂಲೆಗೂ ಚಿಮುಕಿಸಿದಳು.

ಅಜ್ಜಿ ಮೆಟ್ಟಿಲ ಮೇಲೆ ಕೂತು ಮುಸುಕಿನ ಜೋಳ ಬಿಡಿಸುತ್ತಾ ನೋಡುತ್ತಿದ್ದಳು. "ಆವಿಗೆಗೆ ಸ್ನಾನ ಮಾಡಿಸ್ತಿದಾಳೆ ನೋಡ್ರಪ್ಪ. ಸೋಪು ಮರೀಬೇಡ ಕಣೇ. ಬೆನ್ನು ಉಜ್ಜಿದ್ಯಾ?" ಎಂದು ನನ್ನ ಕಡೆ ಕಣ್ಣು ಹೊಡೆದಳು.

"ನಗ್ರಿ ನಗ್ರಿ. ಇನ್ಮೇಲೆ ಇದರೊಳಗೆ ಗ್ರೆತಾ ಹೋಗಲ್ಲ ಅಷ್ಟೆ."

"ಹೋಗಲ್ಲ. ನಾನು ಇನ್ನು ಮಡಕೇನೇ ಮಾಡಲ್ಲ, ಆಯ್ತಾ? ನನ್ನ ಕೈಯಲ್ಲಿ ವಿಷ ಇದೆಯಂತಲ್ಲ." ಆಕೆ ಜೋಳದ ದಿಂಡನ್ನು ಬುಟ್ಟಿಗೆ ಎಸೆದಳು. "ಆದ್ರೆ ಒಂದು ತಿಳ್ಕೋ. ಇದು ಸೆರಾಪಿಯೊ ಕಟ್ಟಿದ ಆವಿಗೆ. ಬರೀ ಮಣ್ಣು ಇಟ್ರೂ ಹೊಳಪು ಕೊಟ್ಟು ಕಳಿಸುತ್ತೆ. ನಿನ್ನ ಪೇಟೆ ಪುಡಿ ಹೊಳೆದ್ರೆ ಅದು ಪುಡಿದಲ್ಲ, ನನ್ನ ಗಂಡಂದು."

ಆಕೆ ಹೇಳಿದ ಹಾಗೆಯೇ ಆಯಿತು. ಒದಿಲಿಯಾಳ ಮೊದಲ ಸುಡುವಿಕೆಯಲ್ಲಿ ಹೊರಗೆ ಬಂದ ತಟ್ಟೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಜೊತೆಗೆ ಕಲಿತ ಬೇರೆ ಹೆಂಗಸರ ತಟ್ಟೆಗಳು ಮಂಕಾಗಿದ್ದವು. ಅವರೆಲ್ಲ ಬಂದು ಬಂದು ನೋಡಿ "ಏನು ಮಾಡ್ದೆ ಒದಿಲಿಯಾ, ಹೇಳೇ" ಎಂದು ಕೇಳಿದರು. "ಕೈಗುಣ" ಎಂದು ಅವಳು ಉಬ್ಬಿದಳು. ನಾನೂ ಎರಡು ಬಟ್ಟಲು ತೆಗೆದುಕೊಂಡೆ.

ಆ ಸುಡುವಿಕೆಯಲ್ಲೇ ಮಗಳಿಗೆಂದು ಒಂದು ಪುಟ್ಟ ತಟ್ಟೆ ಮಾಡಿದಳು. ತಳದಲ್ಲಿ ನಮ್ಮ ಕೆರೆಯ ಬಿಳಿ ಮೀನು ಬರೆದಿದ್ದಳು, ಬಾಲ ಎತ್ತಿ ನಗುವ ಮೀನು. ಎರಾಂದಿ ಊಟ ಬೇಡವೆಂದು ಮುಖ ತಿರುಗಿಸುತ್ತಿದ್ದಳಲ್ಲ, ಅದಕ್ಕೆ ತಾಯಿ ಕಂಡುಕೊಂಡ ಉಪಾಯ ಅದು.

"ಬಾ ಕಂದ, ಮೀನು ಎಲ್ಲಿದೆ ನೋಡೋಣ. ಸೊಪ್ಪಿನ ಕೆಳಗೆ ಅವಿತಿದೆ."

"ಕಾಣಿಸ್ತಿಲ್ಲ."

"ಉಣ್ಣು, ಕಾಣುತ್ತೆ. ಮೀನು ಕಾಣೋ ತನಕ ಉಣ್ಣು."

ಹೊತ್ತು ಹೊತ್ತಿಗೂ ಗೋಡೆಯಾಚೆಯಿಂದ ಆ ಮಾತು ಕೇಳುತ್ತಿತ್ತು. ಮಗು ಉಂಡಿತು. ಟೊಮೇಟೊ ಸಾರು, ಕಾಳು, ಸೊಪ್ಪು, ಎಲ್ಲದರ ಮೇಲೂ ಡಾಕ್ಟರಮ್ಮ ಹೇಳಿದ ಹಾಗೆ ನಿಂಬೆಹುಳಿ. ಕೊನೆಗೆ ತಟ್ಟೆ ಎತ್ತಿ ನಾಲಗೆಯಿಂದ ನೆಕ್ಕಿ, "ಮೀನು ಬಂತು!" ಎಂದು ಕೂಗುವುದು. ಅಜ್ಜಿ ಕೂಡ ತನ್ನ ಒಲೆಯ ಮುಂದೆ ಕೂತು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಮಗು ಉಣ್ಣುವುದನ್ನು ನೋಡಿ ನಾವೆಲ್ಲ ಗಂಡಾಂತರ ಕಳೆಯಿತು ಎಂದುಕೊಂಡೆವು.

ಉಪವಾಸದ ದಿನಗಳು ಶುರುವಾದಾಗ ಮತ್ತೆ ರಕ್ತ ಕೊಟ್ಟರು. ಸೀಸ ಇಳಿದಿರಲಿಲ್ಲ. ಏರಿತ್ತು. ಇನ್ನೂ ಏರಿದರೆ ಮೊರೇಲಿಯಾದ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು ಎಂದು ಹೇಳಿ ಕಳಿಸಿದ್ದರು.

ಒದಿಲಿಯಾ ಬೀದಿಯಿಂದಲೇ ಕೂಗಿಕೊಂಡು ಬಂದಳು. "ಏನು ತಿನ್ಸಿದ್ರಿ ಅವಳಿಗೆ? ಅತ್ತೆ, ನಿಜ ಹೇಳಿ. ಏನು ತಿನ್ಸಿದ್ರಿ?"

ಅಜ್ಜಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು. "ಏನೂ ಇಲ್ಲ."

"ನಾನು ಬಟ್ಟೆ ಒಗೆಯೋಕೆ ಹೋದಾಗ? ಸಂತೆಗೆ ಹೋದಾಗ?"

"ಒಂದ್ಸಲ ಅತೋಲೆ ಗಂಜಿ ಕೇಳಿದ್ಲು. ಕೊಡ್ಲಿಲ್ಲ. ಮೊಮ್ಮಗಳು ಗಂಜಿ ಕೇಳಿದ್ರೆ ಇಲ್ಲ ಅಂದೆ ಕಣೇ, ಈ ಬಾಯಿಂದ. ಆಮೇಲೆ ನನಗೂ ಇಳೀಲಿಲ್ಲ, ಚೆಲ್ದೆ."

"ಮತ್ತೆ ಹೇಗೆ ಏರ್ತು? ನನ್ನ ಒಲೇಲಿ ಸೀಸ ಇಲ್ಲ. ನನ್ನ ತಟ್ಟೇಲಿ ಇಲ್ಲ. ಈ ಮನೇಲಿ ವಿಷ ಇರೋದು ಒಂದೇ ಕಡೆ."

"ಒದಿಲಿಯಾ, ಸಾಕು," ಎಂದ ರೆಮಿಹಿಯೊ. "ಅಮ್ಮ ಇಲ್ಲ ಅಂತಿದಾಳಲ್ಲ."

"ನೀನು ಸುಮ್ನಿರು. ಎರಡು ಒಲೆ ನೆಕ್ಕೋನು ನೀನು."

"ಸೆರಾಪಿಯೊ ಆತ್ಮದಾಣೆ," ಎಂದಳು ಅಜ್ಜಿ. ಧ್ವನಿ ಸಣ್ಣದಾಗಿತ್ತು. "ಒಂದು ಅಗುಳೂ ಕೊಟ್ಟಿಲ್ಲ."

"ನಿಮಗೇನು ಅತ್ತೆ! ಐದರಲ್ಲಿ ಒಂದು ಹೀಗಾಯ್ತು, ಹೊಂದ್ಕೊಂಡ್ರಿ. ನನಗಿರೋದು ಒಂದೇ. ಅದೂ ಎವಾರಿಸ್ತೊ ಥರ ಆಗ್ಬೇಕಾ?"

ನಾನು ಗೋಡೆಯ ಈಚೆ ಒದ್ದೆ ಬಟ್ಟೆ ಹಿಡಿದು ನಿಂತುಬಿಟ್ಟೆ. ಎವಾರಿಸ್ತೊ ಅಲ್ಲೇ ಇದ್ದ. ಮಂಡಿಯವರೆಗೆ ಮಣ್ಣಾಗಿತ್ತು. ಅವನು ನಗುತ್ತಲೇ ಅತ್ತಿಗೆಯ ಮುಖ ನೋಡಿದ.

"ನನ್ನ ಥರ ಅಂದ್ರೆ?" ಎಂದು ಕೇಳಿದ.

ಅಜ್ಜಿ ಕೈಯ ಹಿಟ್ಟು ಒರೆಸಿಕೊಂಡಳು. ಎರಡು ಲಂಗ, ಒಂದು ಶಾಲು, ಸೆರಾಪಿಯೊನ ಫೋಟೊ ಗಂಟು ಕಟ್ಟಿದಳು. ರುಬ್ಬುಗಲ್ಲನ್ನು ಎವಾರಿಸ್ತೊನ ಹೆಗಲಿಗೆ ಏರಿಸಿದಳು. ಚರ್ಚಿನ ಹಿಂದೆ ಆಕೆಯ ನಾದಿನಿ ತೊಮಾಸಾ ಒಬ್ಬಳೇ ಇದ್ದಾಳೆ, ಅವನ ಜೊತೆ ಅಲ್ಲಿಗೆ ಹೊರಟಳು. ಎರಾಂದಿ ಬೀದಿಯ ಕೊನೆಯವರೆಗೂ ಅಳುತ್ತಾ ಹಿಂದೆ ಓಡಿದಳು. ಅಜ್ಜಿ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಲಾಗುತ್ತಿರಲಿಲ್ಲ.

ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಒಂದೇ ಒಲೆ. ಇನ್ನು ಮಗು ಚೇತರಿಸಿಕೊಳ್ಳಲೇಬೇಕಿತ್ತು. ಒದಿಲಿಯಾ ಮೂರು ಹೊತ್ತೂ ಎದುರಿಗೆ ಕೂತು ಉಣ್ಣಿಸಿದಳು. ಮೀನು ಕಾಣುವ ತನಕ ಏಳಲು ಬಿಡಲಿಲ್ಲ. ಬೆಳಗ್ಗೆ ಮಗಳ ತಲೆ ಬಾಚುವಾಗ ಪರೀಕ್ಷೆ ಶುರುವಾಗುತ್ತಿತ್ತು.

"ಕೋಳಿ ಹೆಸರೇನು?"

"ಕೊಂದೆಸಾ."

"ನಿನ್ನ ರಿಬ್ಬನ್ ಯಾವ ಬಣ್ಣ?"

ಮಗು ಯೋಚಿಸುತ್ತಿತ್ತು. ಬಾಚಣಿಗೆ ಗಾಳಿಯಲ್ಲಿ ನಿಲ್ಲುತ್ತಿತ್ತು.

"ಯಾವ ಬಣ್ಣ ಕಂದ? ನಿನ್ನೆ ಹೇಳಿದ್ಯಲ್ಲ."

"ಹೊಡೀತೀಯಾ?"

"ಇಲ್ಲಮ್ಮ. ಹೇಳು. ಯೋಚ್ನೆ ಮಾಡಿ ಹೇಳು."

ಮಗು ಅಳತೊಡಗುತ್ತಿತ್ತು. ತಾಯಿಯೂ ಅಳುತ್ತಿದ್ದಳು. ಬರಬರುತ್ತಾ ಎರಾಂದಿ ಬಾಚಣಿಗೆ ಕಂಡರೆ ಸಾಕು, ಕೋಳಿಗೂಡಿನ ಹಿಂದೆ ಅವಿತುಕೊಳ್ಳುತ್ತಿದ್ದಳು. ಒಂದು ದಿನ ಒದಿಲಿಯಾ ಗೋಡೆಯ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ನಿಮ್ಮಾಣೆ, ನನಗೆ ಭಯ ಆಗ್ತಿದೆ. ಅತ್ತೆ ಹೋಗಿ ಇಷ್ಟು ದಿನ ಆಯ್ತು. ಇನ್ನೂ ಹೊಟ್ಟೆನೋವು ಅಂತಾಳೆ. ಎಲ್ಲಿಂದ ಬರ್ತಿದೆ ಇದು? ನೀರಲ್ಲಿದೆಯಾ? ಗಾಳೀಲಿದೆಯಾ?"

"ಹಳೇದು ಮೈಯಿಂದ ಇಳಿಯೋಕೆ ಟೈಮ್ ಬೇಕೇನೋ," ಎಂದೆ. ನನಗೇನು ಗೊತ್ತು?

ರೆಮಿಹಿಯೊ ವಾರಕ್ಕೊಮ್ಮೆ ತೊಮಾಸಾ ಮನೆಗೆ ಹೋಗಿ ಬರುತ್ತಿದ್ದ. ತಾಯಿ ಅವನನ್ನು ಕೇಳುತ್ತಿದ್ದದ್ದು ಒಂದೇ, "ಮಗು ಉಣ್ತಿದೆಯಾ?" "ತಟ್ಟೆ ನೆಕ್ತಾಳಮ್ಮ" ಎನ್ನುತ್ತಿದ್ದ ಇವನು. "ಸದ್ಯ" ಎನ್ನುತ್ತಿದ್ದಳು ಅಜ್ಜಿ.

ಹಬ್ಬ ಬಂತು. ಚೌಕದ ತುಂಬಾ ಬಣ್ಣದ ಕಾಗದದ ತೋರಣ, ಬ್ಯಾಂಡು, ಕಸೂತಿಯ ಮೇಲಂಗಿ ತೊಟ್ಟ ಹೆಂಗಸರು. ಕಣ್ಣು ಕಟ್ಟಿಕೊಂಡು ಹೂಜಿ ತಿದ್ದುವ ಪಂದ್ಯದಲ್ಲಿ ನನ್ನ ಗಂಡ ಹೂಜಿ ಮಾಡಲು ಹೋಗಿ ಟೊಪ್ಪಿ ಮಾಡಿದ. ಚರ್ಚಿನ ಪಕ್ಕದ ಅಂಗಳದಲ್ಲಿ ಊರ ಅಡುಗೆ. ಚುರಿಪೊ ಎನ್ನುವ ಕೆಂಪು ಮಾಂಸದ ಸಾರು, ಜೋಳದ ಎಲೆಯಲ್ಲಿ ಸುತ್ತಿ ಬೇಯಿಸುವ ಕೊರುಂದಾ ಕಡುಬು. ಈ ಸಲ ಅಜ್ಜಿಯ ದೊಡ್ಡ ಮಡಕೆಯ ಬದಲು ಪಕ್ಕದೂರಿನಿಂದ ಸ್ಟೀಲ್ ಹಂಡೆ ತರಿಸಿದ್ದರು. ಆದರೂ ಅಜ್ಜಿ ಬಂದಿದ್ದಳು. "ತಗಡು ಬಡಿದ್ರೆ ಬ್ಯಾಂಡಿಗಾದರೂ ಆಗುತ್ತೆ" ಎಂದು ಹಂಡೆಯನ್ನು ಬೈಯುತ್ತಾ ನಮ್ಮ ಜೊತೆ ಕೂತು ಕಡುಬು ಸುತ್ತುತ್ತಿದ್ದಳು. ಎವಾರಿಸ್ತೊ ಸೌದೆ ಒಡೆಯುತ್ತಿದ್ದ. ಅಂಗಳದಿಂದ ನೋಡಿದರೆ ಎದುರಿಗೇ ಒದಿಲಿಯಾಳ ಮಳಿಗೆ ಕಾಣುತ್ತಿತ್ತು. ಕಮಾನಿನ ಸಾಲಿನಲ್ಲೆಲ್ಲ ಹೊಳೆಯುತ್ತಿದ್ದದ್ದು ಅದೊಂದೇ. ಅಜ್ಜಿ ಆ ಕಡೆ ನೋಡುವುದಿಲ್ಲ ಎಂದು ತೋರಿಸಿಕೊಳ್ಳುತ್ತಲೇ ನೋಡುತ್ತಿದ್ದಳು.

"ಚೆನ್ನಾಗಿ ಸುಟ್ಟಿದಾಳೆ," ಎಂದಳು ಕೊನೆಗೆ. "ಆವಿಗೆ ಚೆನ್ನಾಗಿದೆ."

ಎಲೆ ಮುಗಿದಿತ್ತು. ಇನ್ನೊಂದು ಕಟ್ಟು ತರಲು ನಾನು ಚೌಕಕ್ಕೆ ಇಳಿದೆ. ಆಗಲೇ, ಕಲಿಸಲು ಪೇಟೆಯಿಂದ ಬಂದಿದ್ದವರ ಪೈಕಿ ಯೆಸೆನಿಯಾ ಎಂಬ ಹುಡುಗಿ ಪರೀಕ್ಷೆ ಮಾಡುತ್ತಾ ಒದಿಲಿಯಾಳ ಮಳಿಗೆಗೆ ಬಂದಿದ್ದಳು. ಕೈಯಲ್ಲಿ ಹತ್ತಿ ಸುತ್ತಿದ ಕಡ್ಡಿಗಳು. ಔಷಧಿಯಲ್ಲಿ ಅದ್ದಿ ಪಾತ್ರೆಗೆ ಉಜ್ಜಿದರೆ, ಸೀಸವಿದ್ದಲ್ಲಿ ಹತ್ತಿ ಕೆಂಪಾಗುತ್ತದೆ. ಪಕ್ಕದ ಮಂಕು ತಟ್ಟೆಗಳ ಮಳಿಗೆಗೆ ಆಗಲೇ ನೀಲಿ ಚೀಟಿ ಅಂಟಿತ್ತು. ಒದಿಲಿಯಾ ಅತ್ಯಂತ ಹೊಳೆಯುವ ತಟ್ಟೆಯನ್ನು ತಾನೇ ಆರಿಸಿ ಕೊಟ್ಟಳು.

ಹತ್ತಿ ಕೆಂಪಾಯಿತು.

"ಕಡ್ಡಿ ಕೆಟ್ಟಿದೆ," ಎಂದಳು ಒದಿಲಿಯಾ. "ಇನ್ನೊಂದರಲ್ಲಿ ಮಾಡು."

ಇನ್ನೊಂದೂ ಕೆಂಪಾಯಿತು. ಬಟ್ಟಲು, ಕೆಂಪು. ಹೂಜಿ, ಕೆಂಪು.

"ಗ್ರೆತಾ ಹಚ್ಚಿದೀರಾ ಅಕ್ಕ?"

"ಇಲ್ಲ! ನನ್ನ ಮಗಳಾಣೆ. ನೀವು ಕೊಟ್ಟ ಪುಡೀನೇ. ನಮ್ಮನೇಲಿ ಗ್ರೆತಾ ನಿಲ್ಸಿ ಮೂರು ತಿಂಗಳಾಯ್ತು."

"ಸುಟ್ಟದ್ದು ಎಲ್ಲಿ?"

"ನಮ್ಮ ಆವಿಗೇಲಿ. ತೊಳೆದಿದೀನಿ. ಸುಣ್ಣ ಬಳಿದಿದೀನಿ. ತೀರ್ಥ..."

"ಹಳೇ ಆವಿಗೆನಾ? ಅಯ್ಯೋ ಅಕ್ಕ. ವರ್ಷಗಟ್ಟಲೆ ಇಟ್ಟಿಗೆ ಅದನ್ನ ಕುಡಿದಿರುತ್ತೆ. ಬೆಂಕಿ ಹಾಕಿದಾಗೆಲ್ಲ ಬೆವರಿ ಬೆವರಿ ಒಳಗಿರೋದರ ಮೇಲೆ ಕೂರುತ್ತೆ. ಈ ಹೊಳಪು ಅದರದ್ದೇ. ಹೊಸ ಆವಿಗೆ ಕಟ್ಟಬೇಕು ಅಂತ ಎರಡನೇ ದಿನ ಹೇಳಿದ್ವಲ್ಲ?"

ಆಗ ಎರಾಂದಿ ಮೇಜಿನ ಕೆಳಗಿನಿಂದ ಹೊರಗೆ ಬಂದಳು. ಊರ ಊಟಕ್ಕೆ ಎಲ್ಲರೂ ತಮ್ಮ ತಮ್ಮ ತಟ್ಟೆ ತರುವ ಪದ್ಧತಿ ನಮ್ಮದು. ಅವಳ ಕೈಯಲ್ಲಿ ಅವಳ ತಟ್ಟೆಯಿತ್ತು.

"ನನ್ನ ಮೀನಿಗೂ ಹಚ್ಚಿ."

"ಬೇಡ," ಎಂದಳು ಒದಿಲಿಯಾ. ಅಷ್ಟರಲ್ಲಿ ಯೆಸೆನಿಯಾ ಮಗುವಿನ ಮನಸ್ಸು ಮುರಿಯಬಾರದೆಂದು ಕಡ್ಡಿ ಉಜ್ಜಿಬಿಟ್ಟಿದ್ದಳು. ಬಿಳಿ ಮೀನಿನ ಹೊಟ್ಟೆಯ ಮೇಲೆ ಕೆಂಪು ಗೆರೆ ಎದ್ದಿತು.

"ಅಮ್ಮಾ, ನೋಡು! ಮೀನಿಗೆ ಬಣ್ಣ ಬಂತು!"

ಯೆಸೆನಿಯಾಳ ಮುಖ ಬದಲಾಯಿತು. "ಇದರಲ್ಲಿ ಮಗು ಉಣ್ಣುತ್ತಾ?" ಎಂದು ಮೆಲ್ಲಗೆ ಕೇಳಿದಳು. "ಹುಳಿ ಪದಾರ್ಥ ಏನಾದ್ರೂ ಹಾಕ್ತೀರಾ? ಹುಳಿ ಬಿದ್ರೆ ಇನ್ನೂ ಜಾಸ್ತಿ ಬಿಡುತ್ತೆ."

ಒದಿಲಿಯಾ ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮಗಳ ಕೈಯಿಂದ ತಟ್ಟೆ ತೆಗೆದುಕೊಂಡಳು, ಮಗಳ ಬಾಯನ್ನು ತನ್ನ ಸೆರಗಿನಿಂದ ಒರೆಸಿದಳು, ಒರೆಸಿದಳು, ಮಗು ನೋವೆಂದು ಕಿರುಚುವ ತನಕ ಒರೆಸಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಚೌಕ ದಾಟಿ ಊರ ಅಡುಗೆಯ ಅಂಗಳಕ್ಕೆ ನಡೆದು ಬಂದಳು. ನಾನು ಎಲೆಯ ಕಟ್ಟು ಮರೆತು ಹಿಂದೆ ಹಿಂದೆಯೇ ಓಡಿದೆ. ಹೆಂಗಸರೆಲ್ಲ ಕೈ ನಿಲ್ಲಿಸಿದರು.

"ಅತ್ತೆ," ಎಂದಳು. "ನಾನೇ."

ಅಜ್ಜಿ ತಲೆಯೆತ್ತಿದಳು.

"ನಾನೇ ಹಾಕ್ದೆ ಅತ್ತೆ. ಈ ತಟ್ಟೆ. ಆವಿಗೆ ಒಳಗೇ ಇತ್ತಂತೆ, ಇಟ್ಟಿಗೇಲಿ. ಮೂರು ಹೊತ್ತೂ ನಾನೇ ಹಾಕ್ದೆ. ನೆಕ್ಕು ನೆಕ್ಕು ಅಂದೆ. ನೀವಲ್ಲ. ನಿಮ್ಮನ್ನ ಓಡ್ಸಿಬಿಟ್ಟೆ."

ನಾನು ಅಜ್ಜಿಯ ಮುಖ ನೋಡಿದೆ. ಗೆದ್ದವಳ ಮುಖ ಇರಬಹುದೇನೋ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಭಯ, ಒದಿಲಿಯಾಳ ಮುಖದಲ್ಲಿದ್ದದ್ದೇ. ಎರಡು ಕೈಯನ್ನೂ ಚಾಚಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

"ಬೆಳಗ್ಗೆ ಏನು ತಿಂದಿದೆ?"

"ಕಾಳು. ಅದರಲ್ಲೇ."

"ಇನ್ನೇನೂ ಬೇಡ. ತಟ್ಟೇನೇ ಬೇಡ." ಅಜ್ಜಿ ಹಬೆಯಾಡುವ ಹಂಡೆಯಿಂದ ಒಂದು ಕೊರುಂದಾ ತೆಗೆದು ಎಲೆ ಬಿಡಿಸಿ, ಊದಿ ಊದಿ ಆರಿಸಿ, ಎಲೆಯ ಸಮೇತ ಮೊಮ್ಮಗಳ ಅಂಗೈ ಮೇಲಿಟ್ಟಳು. ಎರಾಂದಿ ಅಷ್ಟು ದಿನದ ಮೇಲೆ ಸಿಕ್ಕ ಅಜ್ಜಿಯ ಮಡಿಲಲ್ಲಿ ಬೆನ್ನು ಒರಗಿಸಿ ತಿಂದಳು. ಮುಗಿದ ಮೇಲೆ ಎಲೆಯನ್ನು ಈ ಕಡೆ ಆ ಕಡೆ ತಿರುಗಿಸಿದಳು, ನಾಲಗೆ ಹೊರಗೆ ಹಾಕಿದಳು.

"ಮೀನು ಎಲ್ಲಿ?"

"ಇದರಲ್ಲಿ ಮೀನಿಲ್ಲ ಕಂದ," ಎಂದಳು ಒದಿಲಿಯಾ. "ನೆಕ್ಬೇಡ. ಸಾಕಾದ್ರೆ ಬಿಡು."

ಬ್ಯಾಂಡಿನವರು ಚೌಕದಲ್ಲಿ ಹೊಸ ಹಾಡು ಎತ್ತಿಕೊಂಡರು. ಎವಾರಿಸ್ತೊ ಕೊಡಲಿ ಕೆಳಗಿಟ್ಟು, ತಾಳಕ್ಕೆ ಸರಿಯಾಗಿ ತಲೆಯಾಡಿಸುತ್ತಾ ನಿಂತಿದ್ದ. ಯಾರೋ ಹಬ್ಬದ ಖುಷಿಗೆಂದು ಕೊಟ್ಟ ನಾಣ್ಯಗಳು ಅವನ ಅಂಗೈಯಲ್ಲಿದ್ದವು. ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದ, ಮತ್ತೆ ಮೊದಲಿನಿಂದ ಮುಟ್ಟುತ್ತಿದ್ದ. ಅಜ್ಜಿ ಬಹಳ ಹೊತ್ತು ಅವನನ್ನೇ ನೋಡಿದಳು.

"ಒದಿಲಿಯಾ."

"ಏನತ್ತೆ?"

"ಅವನು ಚಿಕ್ಕವನಿದ್ದಾಗ ಮಡಕೆ ತಳ ಕೆರೆದು ತಿಂತಿದ್ದ. ಕಾಳಿನ ತಳ. ಬೇರೆ ಮಕ್ಕಳಿಗೆ ಕೊಡ್ತಿರ್ಲಿಲ್ಲ ನಾನು. ಅವನಿಗಿಷ್ಟ ಅಂತ ಅವನಿಗೇ ಇಡ್ತಿದ್ದೆ." ಆಕೆ ಮಗನ ಕಡೆ ಗಲ್ಲ ತೋರಿಸಿದಳು. "ಅವನಿಗೂ ಇದೇನಾ?"

ಯೆಸೆನಿಯಾ ಅಂಗಳದ ಅಂಚಿನಲ್ಲೇ ನಿಂತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು, ಬಾಯಿ ತೆರೆದಳು. ಒದಿಲಿಯಾ ಅವಳ ಕಡೆ ಒಂದು ನೋಟ ಬಿಟ್ಟಳು ನೋಡಿ, ಆ ಹುಡುಗಿ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

"ಅವನಿಗೆ ಗ್ರಹಣ ಅತ್ತೆ," ಎಂದಳು ಒದಿಲಿಯಾ. "ಗ್ರಹಣಾನೇ. ಊರಿಗೆಲ್ಲ ಗೊತ್ತು. ಕೇಳಿ ಬೇಕಾದ್ರೆ."

"ಹೌದು ಅಜ್ಜಿ," ಎಂದೆ ನಾನು. "ಗ್ರಹಣ." ಕಡುಬು ಸುತ್ತುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹೌದು, ಗ್ರಹಣ, ನಮಗೆ ನೆನಪಿದೆ ಎಂದರು.

ಅಜ್ಜಿ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಆಕೆ ದಡ್ಡಿಯಲ್ಲ. ಮಗುವಿನ ಕೈಯಿಂದ ಖಾಲಿ ಎಲೆಯನ್ನು ತೆಗೆದುಕೊಂಡು ನಾಲ್ಕಾಗಿ ಮಡಚಿ ಬೆಂಕಿಗೆ ಹಾಕಿದಳು.

"ನಾಳೆ ಆವಿಗೆ ಕೆಡವ್ಬೇಕು," ಎಂದಳು. "ಮಗೂನ ತೊಮಾಸಾ ಮನೇಲಿ ಬಿಡು, ಧೂಳು ಏಳುತ್ತೆ. ರೆಮಿಹಿಯೊಗೆ ಹಾರೆ ಹುಡುಕಿಡೋಕೆ ಹೇಳು."

"ಮಾವ ಕಟ್ಟಿದ್ದು ಅತ್ತೆ..."

"ಗೊತ್ತು ಯಾರು ಕಟ್ಟಿದ್ದು ಅಂತ." ಅಜ್ಜಿಯ ಕಣ್ಣು ಇನ್ನೂ ನಾಣ್ಯ ಮುಟ್ಟುತ್ತಿದ್ದ ಮಗನ ಮೇಲೇ ಇತ್ತು. "ಮೊದಲ್ನೇ ಏಟು ಎವಾರಿಸ್ತೊ ಹಾಕ್ಲಿ."